ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಪ್ರೀತಿಯ ಅಪ್ಪನಿಗೆ,

ಐವತ್ತು ದಾಟಿ ತಂದೆಯಾದವರ ಮಕ್ಕಳಿಗೆ ಮನಸ್ಸಿನ ಕಾಯಿಲೆಯ ಸಂಭವ ಹೆಚ್ಚು ಅಂತ ನೀನು ಎಲ್ಲೋ ಓದಿದೆಯಂತೆ, ಅಮ್ಮ ಹೇಳಿದಳು. ಆಮೇಲೆ ನೀನು ಈ ಆಸ್ಪತ್ರೆಯತ್ತ ತಲೆಹಾಕಿಲ್ಲ.

ಡಾಕ್ಟರನ್ನೇ ಕೇಳಿದೆ. "ಸ್ವಲ್ಪ ಹೆಚ್ಚು, ನಿಜ. ಆದ್ರೆ ಅಂಥ ಮಕ್ಕಳಲ್ಲಿ ಬಹುಪಾಲು ಆರಾಮಾಗೇ ಇರ್ತಾರೆ. ನಿಮಗೆ ಬಂದಿದ್ದು ಅದರಿಂದಲೇ ಅಂತ ಯಾರೂ ಹೇಳೋಕಾಗಲ್ಲ" ಅಂದರು. ಅಷ್ಟಕ್ಕೂ ನೀನು ಬೇಗ ಮದುವೆಯಾಗಿದ್ದರೆ ಹುಟ್ಟುತ್ತಿದ್ದವಳು ಬೇರೆ ಯಾರೋ. ಅವಳ ತಲೆ ನೆಟ್ಟಗಿರುತ್ತಿತ್ತೇನೋ, ಆದರೆ ಇಷ್ಟು ತಲೆಹರಟೆ ಎಲ್ಲಿಂದ ತರುತ್ತಿದ್ದಳು?

ಈಗ ಕೆಲಸದ ಮಾತು. ಮಾತ್ರೆ ನುಂಗಿ ನುಂಗಿ ಊದಿಕೊಂಡಿದ್ದೇನೆ. ನೀನು ಹೊಲಿದ ನೀಲಿ ಅಂಗಿ ಕಂಕುಳಲ್ಲಿ ಬಿಗಿಯುತ್ತಿದೆ. ಮೂವತ್ತಾದರೂ ನನ್ನನ್ನು "ಬೆಳೆಯೋ ಹುಡುಗಿ" ಅಂದುಕೊಂಡು ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡುತ್ತೀಯಲ್ಲ, ಅದನ್ನು ಬಿಚ್ಚುವ ಕಾಲ ಬಂದಿದೆ. ಬೇರೆ ದರ್ಜಿಗೆ ಅದು ಗೊತ್ತಾಗುವುದಿಲ್ಲ. ಭಾನುವಾರ ಅಳತೆಗೆ ಟೇಪು ಹಿಡಿದು ಬಾ. ಕತ್ತರಿ ಬೇಡ, ಒಳಗೆ ಬಿಡುವುದಿಲ್ಲ.

ಕಾವಲಿನವನು ಎಂದಿನಂತೆ "ತಾತ ಬಂದ್ರು" ಅಂತ ಕೂಗುತ್ತಾನೆ. ಶಾಲೆಯ ಗೇಟಿನಲ್ಲಿ ತಿದ್ದುತ್ತಿದ್ದ ಹಾಗೆ ಇವನನ್ನೂ ತಿದ್ದು: "ತಾತ ಅಲ್ಲಪ್ಪಾ, ಅವಳ ಅಪ್ಪ." ಸ್ವಲ್ಪ ಗಟ್ಟಿಯಾಗಿ ಹೇಳು, ನನಗೆ ಒಳಗೆ ಕೇಳಿಸಬೇಕು.

ನಿನ್ನ ಹಳೆಯ ಗಿರಾಕಿ,
ಮಗಳು