ಶಿವಿಯ ಶಾಲೆ ಬಿಡಿಸುವ ಮಾತು

ರಾಯಚೂರು
೧೪-೬-೧೯೮೩

ಪ್ರೀತಿಯ ಮಗ ಅಮರೇಶನಿಗೆ ನಿನ್ನಪ್ಪನ ಮನಸಾರೆ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಭಿಲಾಯಿಯ ಬಿಸಿಲು ನಮ್ಮ ರಾಯಚೂರಿನದಕ್ಕಿಂತ ಜೋರು ಎಂದು ಬರೆದಿದ್ದೆ. ಅದನ್ನು ಮಾತ್ರ ನಂಬಲಾರೆ. ಮಜ್ಜಿಗೆ ಕುಡಿಯುತ್ತಿರು. ನಿನ್ನವ್ವನ ಮೊಣಕಾಲು ನೋವು ಇಳಿದಿದೆ. ಮಾನ್ವಿಯ ಅಕ್ಕಿ ಗಿರಣಿ ಚೆನ್ನಾಗಿ ನಡೆದಿದೆ. ಸೊಸೆ ಚನ್ನಮಲ್ಲಮ್ಮ, ನಿನ್ನ ಮಗಳು ಶಿವಿ ಇಬ್ಬರೂ ಸುಖವಾಗಿದ್ದಾರೆ.

ಶಿವಿಗೆ ನಾಲ್ಕು ತುಂಬಿದರೂ ಒಂದಕ್ಷರ ಬರೆಯಲು ಬಾರದು, ಮಾಂಟೆಸರಿಯಲ್ಲಿ ಬಟ್ಟಲಿಂದ ಬಟ್ಟಲಿಗೆ ಜೋಳ ಸುರುವುವುದು, ಕಸ ಗುಡಿಸುವುದು ಕಲಿಸುತ್ತಾರೆ, ಬಿಡಿಸಿ ದೊಡ್ಡ ಶಾಲೆಗೆ ಹಾಕಿರಿ ಎಂದು ಬರೆದಿದ್ದೀಯ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವ ನೀನು. ಕಸ ಗುಡಿಸಲು ಫೀಸೇಕೆ ಎಂದು ನಾನೂ ನಕ್ಕವನೇ ಅನ್ನು. ಬಿಡಿಸುವ ಮೊದಲು ಕಣ್ಣಾರೆ ನೋಡೋಣವೆಂದು ಹೋದ ವಾರ ಅಲ್ಲಿಗೆ ಹೋದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಗುಂಡಿ ಹಾಕಲು ಶಿವಿ ಹೆಣಗುತ್ತಿದ್ದಳು. ನೋಡಲಾಗದೆ ಕೈ ಹಾಕಿದೆ. ಟೀಚರ್ ಅಕ್ಬರಿ ಬೇಗಂ ಬಂದು, "ಸಾವ್ಕಾರ್ರ, ನೀವು ಕೈ ಕಟ್ಕೊಂಡು ಕೂಡ್ರಿ. ಆಕಿಗಿ ಬರ್ತದ" ಎಂದರು. ಗಿರಣಿಯಲ್ಲಿ ಎಲ್ಲರನ್ನೂ ಕೂಡಿಸಿ ಏಳಿಸುವ ನಾನು ಮೊಳದೆತ್ತರದ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತೆ. ಶಿವಿ ಗುಂಡಿ ಹಾಕಿದಳು. ಶಹಬ್ಬಾಸ್ ಅನ್ನಿಸಿಕೊಳ್ಳಲು ನನ್ನ ಕಡೆ ತಿರುಗಲೂ ಇಲ್ಲ. ಬಿಚ್ಚಿ ಮತ್ತೆ ಹಾಕತೊಡಗಿದಳು. ಬರವಣಿಗೆ ಯಾವಾಗ ಎಂದು ಕೇಳಿದ್ದಕ್ಕೆ ಟೀಚರ್, ಮೊದಲು ಕೈ ಹದಕ್ಕೆ ಬರಲಿ, ಅಕ್ಷರ ತಾನಾಗಿ ಬರುತ್ತದೆ ಎಂದರು. ನನಗೆ ಪೂರಾ ನಂಬಿಕೆ ಬರಲಿಲ್ಲ.

ನಿನ್ನೆ ಸೋಮವಾರ ಮಠದ ಅಯ್ಯನವರನ್ನು ಮನೆಗೆ ಪ್ರಸಾದಕ್ಕೆ ಕರೆದಿದ್ದೆವು. ಅವರ ಪಾದ ತೊಳೆಯುವ ನೀರನ್ನು ಶಿವಿ ತಾನೇ ತಂಬಿಗೆಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದಳು. ಅಯ್ಯನವರ ಮುಂದೆ ಚೆಲ್ಲಿದರೆ ಗತಿಯೇನೆಂದು ನಾನು ಓಡಿ ತಂಬಿಗೆ ಕಸಿದುಕೊಂಡೆ. ಚೆಲ್ಲಿದವನು ನಾನು, ಅಯ್ಯನವರ ಧೋತರ ತೊಯ್ದು ತಪ್ಪಡಿಯಾಯಿತು. ಶಿವಿ ಅಳಲಿಲ್ಲ. ಅರಿವೆ ತಂದು ನೆಲ ಒರೆಸಿದಳು, ಹಿಂಡಿ ಒಣಹಾಕಿದಳು, ತಂಬಿಗೆ ಇಸಿದುಕೊಂಡು ಮತ್ತೆ ನೀರಿಗೆ ಹೋದಳು. ಯಾರೂ ಹೇಳಿರಲಿಲ್ಲ. ಚನ್ನಮಲ್ಲಮ್ಮ ಏಳಹೋದರೆ ಅಯ್ಯನವರೇ, "ಕೂಸು ತರಾಕತ್ತದ, ತರ್ಲಿ ಬಿಡ್ರಿ" ಎಂದರು. ಈ ಸಲ ಒಂದು ಹನಿ ಚೆಲ್ಲಲಿಲ್ಲ. ತಂಬಿಗೆ ನನಗೆ ಕೊಡುತ್ತ, "ಯಜ್ಜಾ, ಸಾವಕಾಶ ಹಿಡಿ" ಎಂದಳು. ನನ್ನ ಎದೆ ಹಿಗ್ಗಿತಪ್ಪಾ. ಇಷ್ಟು ವರ್ಷದಲ್ಲಿ ನನಗೆ ಬುದ್ಧಿ ಹೇಳಿದವರ ಮೇಲೆ ಇಷ್ಟು ಪ್ರೀತಿ ಬಂದದ್ದಿಲ್ಲ.

ನಿನ್ನವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇವೆ. ಅಮರೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ
ವಿರೂಪಣ್ಣ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ದೊಡ್ಡ ಶಾಲೆಗೆ ಸೇರಿಸಲು ಇವತ್ತೇ ಕಡೆಯ ದಿನವಾಗಿತ್ತು. ಶಿವಿಯ ಕೈ ಹಿಡಿದು ಅದರ ಗೇಟಿನ ತನಕ ಹೋಗಿದ್ದೆ. ಆಮೇಲೆ ಇಬ್ಬರೂ ಅಕ್ಬರಿ ಬೇಗಂ ಅವರಲ್ಲಿಗೇ ನಡೆದೆವು. ನೀನು ಹೇಳಿದ್ದನ್ನು ಮಾಡಲಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಸೊಸೆಯ ಮೇಲೆ ಬೇಡ. ಬಿಡಿಸಲೇಬೇಕೆಂದಿದ್ದರೆ ನೀನೇ ಬಂದು ಶಿವಿಗೆ ಹೇಳು. ನನಗೆ ಅಷ್ಟು ಧೈರ್ಯವಿಲ್ಲ.