ನುಂಗಿದ ಮುದ್ದೆ, ಅಗಿದ ಮುದ್ದೆ

ಪುಣೆ, ೧೨-೮-೧೯೯೮

ಹಗರೆಯ ಅಕ್ಕನಿಗೆ ಇಂದುವಿನ ನಮಸ್ಕಾರ.

ಇಲ್ಲಿನ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ನಿನ್ನೆ ಸಂದರ್ಶನ ಆಯಿತು. ಕೆಲಸ ಏನು ಗೊತ್ತಾ? ರಾಗಿ ತಿನಿಸುಗಳ ರುಚಿ ನೋಡಿ ವರದಿ ಬರೆಯುವುದು! ಎಂ.ಎಸ್ಸಿ. ಆಗಿದ್ದರೆ ಸಾಲದು, ನಾಲಿಗೆಯೂ ಪಾಸಾಗಬೇಕು. ನೆಗಡಿ ಆದವರನ್ನು ಬಾಗಿಲಲ್ಲೇ ವಾಪಸು ಕಳಿಸಿದರು.

ಗಾಜಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಒಂದು ತುತ್ತು ಮುದ್ದೆ ಕೊಟ್ಟರು, ಅದೂ ಸಾರಿಲ್ಲದೆ. ನಾನು ಬಾಯಿಗಿಟ್ಟವಳೇ ನುಂಗಿಬಿಟ್ಟೆ.

"ಹಲ್ಲಿಗೆ ಎಷ್ಟು ಅಂಟಿತು?" ಎಂದು ಪ್ರೊಫೆಸರ್ ಮೇಡಂ ಕೇಳಿದರು.

"ಹಲ್ಲಿಗೆ ತಾಗಲೇ ಇಲ್ಲ ಮೇಡಂ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ" ಎಂದೆ.

ಅವರು ಪೆನ್ನು ಕೆಳಗಿಟ್ಟು, ನಾನು ನುಂಗುವುದನ್ನು ನೋಡಲು ಇಡೀ ವಿಭಾಗವನ್ನೇ ಕರೆದರು!

ನಾಳೆ ಮತ್ತೆ ಪರೀಕ್ಷೆ. ಈ ಸಲ ಅಗಿಯಲೇಬೇಕಂತೆ. ಅಲ್ಲಿ ಉಳಿದಿದ್ದ ಮುದ್ದೆಯನ್ನು ಹಾಸ್ಟೆಲಿಗೆ ತಂದು ಅಭ್ಯಾಸ ಮಾಡಿದೆ. ದವಡೆ ನೋಯುತ್ತಿದೆ, ಮಿಕ್ಕಂತೆ ಆರೋಗ್ಯವಾಗಿದ್ದೇನೆ.

ಒಂದು ವಿಷಯ ಕಣೇ ಅಕ್ಕ. ಅಗಿಯುತ್ತಾ ಹೋದರೆ ಮುದ್ದೆ ಸಿಹಿಯಾಗುತ್ತದೆ! ಹುಟ್ಟಿದಾಗಿನಿಂದ ತಿಂದರೂ ನನಗೆ ಗೊತ್ತಿರಲಿಲ್ಲ. ನೀನೂ ಒಂದು ತುತ್ತು ಅಗಿದು ನೋಡು. ಅಜ್ಜಿ ಕಂಡರೆ "ಮುದ್ದೆ ಅಗೀತಾರೇನೇ? ನಿಂಗೇನ್ ಬಂದೈತೆ?" ಅಂತ ಬೈಯುತ್ತಾಳೆ, ಬಾಗಿಲು ಹಾಕಿಕೋ.

ಕಾರ್ಡು ತುಂಬಿತು.

ಇಂದು