ಮೂರು ವರ್ಷದ ಹೊಟ್ಟೆನೋವು

ಮುಖ್ಯ ವೈದ್ಯಾಧಿಕಾರಿಗಳೇ,

ಮೂರು ವರ್ಷ ನಿಮ್ಮ ಆಸ್ಪತ್ರೆ ನನ್ನ ಹೊಟ್ಟೆಗೆ ಔಷಧ ಕೊಟ್ಟಿತು. ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ. ಮಗು ಹುಟ್ಟಿದ ಮೇಲೆ, ಗಂಡನ ಜೊತೆ ಕೂಡುವಾಗ ಬ್ಲೇಡಿನಿಂದ ಕೊಯ್ದಂತೆ ಉರಿಯುತ್ತಿತ್ತು. ಇದನ್ನು ಬಹಿರಂಗವಾಗಿ ಬರೆಯಲು ನನಗೀಗ ನಾಚಿಕೆಯಿಲ್ಲ. ಇದ್ದ ನಾಚಿಕೆಯೆಲ್ಲ ನಿಮ್ಮ ಚೀಟಿ ಕಿಟಕಿಯ ಮುಂದೆ ಖರ್ಚಾಗಿದೆ.

ಆ ಕಿಟಕಿಯ ಘನ ವ್ಯವಸ್ಥೆ ತಮಗೆ ಗೊತ್ತಿರಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಸಾಲು. ಗುಮಾಸ್ತ ಒಳಗಿನಿಂದ ಕೂಗುತ್ತಾನೆ: "ಏನ್ ತ್ರಾಸ ಐತಿ? ಜೋರ್ ಹೇಳ್ರಿ!" ಬೆನ್ನ ಹಿಂದೆ ನಮ್ಮೂರು ಮಸಗುಪ್ಪಿಯ ಅರ್ಧ ಜನ ನಿಂತಿರುವಾಗ ಯಾವ ಹೆಂಗಸು ಬಾಯಿ ಬಿಡುತ್ತಾಳೆ? "ಹೊಟ್ಟಿನೋವ್ರಿ" ಎಂದೆ. ಅವನು ಅದನ್ನೇ ಬರೆದ. ವೈದ್ಯರು ಚೀಟಿ ನೋಡಿದರು, ನನ್ನನ್ನು ನೋಡಲಿಲ್ಲ, ಆಸಿಡಿಟಿ ಗುಳಿಗೆ ಬರೆದರು. ಒಮ್ಮೆ ಧೈರ್ಯ ಮಾಡಿ ಅವರಿಗೆ ನಿಜ ಹೇಳಿದೆ. "ಹೊಂದ್ಕೊಂಡ ಹೋಗ್ಬೇಕವ್ವಾ, ಎಲ್ಲಾರಿಗೂ ಹಂಗ ಇರತೈತಿ" ಎಂದು ಮತ್ತೆ ಅದೇ ಗುಳಿಗೆ ಕೊಟ್ಟರು.

ನಮ್ಮದು ಕುರಿಗಾರರ ಮನೆ. ಗಂಡ ಮಾಲಿಂಗ ಕುರಿ ಮೇಯಿಸುತ್ತ ತಿಂಗಳುಗಟ್ಟಲೆ ಹೊರಗಿರುತ್ತಾನೆ. ಅವನು ಬರುವ ಸುದ್ದಿ ಕೇಳಿದರೆ ನಾನು ತವರಿಗೆ ಓಡುತ್ತಿದ್ದೆ. ಅತ್ತೆ ಸತ್ತೆವ್ವ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಯಮಕನಮರಡಿಗೆ ಹೋಗಿಬಂದಳು. ಈದ ಕುರಿ ನರಳಿದರೆ ಮಾಲಿಂಗ ಬಾಲ ಎತ್ತಿ ನೋಡುತ್ತಾನೆ. ನನ್ನನ್ನು ಮೂರು ವರ್ಷ ಯಾರೂ ನೋಡಲಿಲ್ಲ. ಕೊನೆಗೆ ಅವನಿಗೆ ಎಲ್ಲ ಹೇಳಿದೆ. "ಕುರಿಗೆ ಡಾಕ್ಟರ್ ಸಿಗ್ತಾನ, ನಿನಗ ಸಿಗೂದಿಲ್ಲೇನ? ನಡಿ" ಎಂದು ಬೆಳಗಾವಿಗೆ ಕರೆದೊಯ್ದ.

ಅಲ್ಲಿಯ ವೈದ್ಯೆ ಬಾಗಿಲು ಮುಚ್ಚಿ ಕೇಳಿದರು, ಪರೀಕ್ಷಿಸಿದರು. ಹೆರಿಗೆಯ ಹೊಲಿಗೆ ಗಂಟುಗಟ್ಟಿತ್ತು. ನೋವಿನ ಹೆದರಿಕೆಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತಿತ್ತು. ಮುಲಾಮು, ಸ್ನಾಯು ಸಡಿಲಿಸುವ ವ್ಯಾಯಾಮ, ಅವಸರ ಬೇಡವೆಂದು ಗಂಡನಿಗೆ ತಿಳಿವಳಿಕೆ. ನಾಲ್ಕು ತಿಂಗಳಲ್ಲಿ ವಾಸಿಯಾಯಿತು. ಆ ಹೊಲಿಗೆ ಹಾಕಿದ್ದು ನಿಮ್ಮದೇ ಆಸ್ಪತ್ರೆ, ಸಾಹೇಬರೇ.

ನೋವು ಹೋಯಿತು, ಸಿಟ್ಟು ಹೋಗಿಲ್ಲ. ಕಳೆದ ತಿಂಗಳು ತಮಗೂ ಕುರ್ಚಿಯಲ್ಲಿ ಕೂರಲಾಗದಂಥ ತೊಂದರೆಯಾಗಿತ್ತಲ್ಲವೇ? ತಾವು ಸಾಲಿನಲ್ಲಿ ನಿಲ್ಲಲಿಲ್ಲ. ತಮಗೆ ಹಿಂಬಾಗಿಲಿತ್ತು, ಪರದೆಯಿತ್ತು, ಪಿಸುಮಾತಿತ್ತು. ನನಗೆ ಹೇಗೆ ಗೊತ್ತು ಅಂತೀರಾ? ನಿಮ್ಮ ಗುಮಾಸ್ತನ ಗಂಟಲು ದೊಡ್ಡದು.

ಬರುವ ಸೋಮವಾರದೊಳಗೆ ಹೆಂಗಸರಿಗೆ ಬಾಗಿಲಿರುವ ಕೋಣೆ, ಅಲ್ಲಿ ಮೆಲ್ಲಗೆ ಕೇಳುವ ನರ್ಸ್, ಪರೀಕ್ಷೆ ಮಾಡುವ ವೈದ್ಯೆ ಬೇಕು. ಇಲ್ಲದಿದ್ದರೆ ಮಂಗಳವಾರ ನಮ್ಮೂರಿನ ಹೆಂಗಸರೆಲ್ಲ ಅದೇ ಸಾಲಿನಲ್ಲಿ ನಿಲ್ಲುತ್ತೇವೆ. "ಏನ್ ತ್ರಾಸ" ಎಂದಾಗ ಒಬ್ಬೊಬ್ಬರೂ ಜೋರಾಗಿ ಹೇಳುತ್ತೇವೆ. ನಮ್ಮದಲ್ಲ, ನಿಮ್ಮದು.

ಇಂತಿ,
ನಿಮ್ಮ ಚೀಟಿಗಳಲ್ಲಿ ಇಂದಿಗೂ ಹೊಟ್ಟೆನೋವಿನವಳೇ ಆಗಿರುವ
ಸುವರ್ಣಾ, ಮಸಗುಪ್ಪಿ